ಬಾಗಿಲಿನ ಇನ್ನೊಂದು ತುದಿ

ಕಾರ್ಖಾನೆಯ ಮಾನ್ಯ ಮುಖ್ಯಸ್ಥರೇ,

ಕಾರಿಗೆ ಬಾಗಿಲು ಕೂರಿಸುವ ಜಾಗದಲ್ಲಿ ನಾನು ಮತ್ತು ನನ್ನ ಭಾವ, ಇಬ್ಬರು ಇದ್ದೆವು. ತಾವು ನನ್ನನ್ನು ಪೇಂಟಿಂಗ್ ವಿಭಾಗಕ್ಕೆ ಅಟ್ಟಿ ಅವರೊಬ್ಬರನ್ನೇ ಉಳಿಸಿದಿರಿ. ಎರಡನೇ ಆಳನ್ನು ವಾಪಸು ಕೊಡಿ ಎಂದು ಕೇಳಿ ಕೇಳಿ ಬಾಯಿ ಒಣಗಿದ್ದರಿಂದ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಮ್ಮ ಉತ್ತರ ಯಾವಾಗಲೂ ಒಂದೇ: ನಮ್ಮ ತಲೆಯ ಮೇಲೆ ತೂಗುಹಾಕಿಸಿರುವ ಆ ಟಿವಿ ಪರದೆ. ಹೊರದೇಶದಲ್ಲಿರುವ ತಮ್ಮ ಇನ್ನೊಂದು ಕಾರ್ಖಾನೆ ಕಾರುಗಳ ಲೆಕ್ಕದಲ್ಲಿ ಮುಂದಿದೆ, ನಾವು ಹಿಂದಿದ್ದೇವೆ ಎಂದು ಅದು ಹಗಲಿಡೀ ಸಾರುತ್ತದೆ. ಅಲ್ಲಿಯವರು ಒಬ್ಬೊಬ್ಬರೇ ಬಾಗಿಲು ಎತ್ತಲು ಒಪ್ಪಿದ್ದಾರಂತೆ. ನಾವು ತಕರಾರು ಮಾಡಿದರೆ ಹೊಸ ಮಾದರಿಯ ಕಾರು ಅವರ ಪಾಲಾಗುತ್ತದಂತೆ. ಕಂಡರಿಯದ ಆ ಜನರನ್ನು ಬೈದುಕೊಂಡೇ ನಾವು ದಿನಾ ಊಟ ಮಾಡಿದೆವು.

ಬಾಗಿಲು ಎತ್ತುವ ಮುನ್ನ ಒಬ್ಬರು ‘ಹೂಂ’ ಅನ್ನಬೇಕು, ಇನ್ನೊಬ್ಬರು ‘ಹೂಂ’ ಅಂದ ಮೇಲೆಯೇ ಎತ್ತಬೇಕು. ಇಲ್ಲದಿದ್ದರೆ ಬೆರಳು ಜಜ್ಜಿಹೋಗುತ್ತದೆ. ಭಾವ ಅಭ್ಯಾಸಬಲದಿಂದ ಈಗಲೂ ‘ಹೂಂ’ ಅನ್ನುತ್ತಾರೆ. ಉತ್ತರ ಬರುವುದಿಲ್ಲ. ಎತ್ತುತ್ತಾರೆ. ಭುಜ ಹೋಗಿದೆ; ಮನೆಯಲ್ಲಿ ಅಂಗಿಯ ತೋಳಿಗೆ ಕೈ ತೂರಿಸಲು ಅಕ್ಕ ಬೇಕು. “ಹೆಂಗೋ ದಿನ ತಳ್ಳಿದ್ರಾಯ್ತು ಬಿಡೋ” ಅನ್ನುತ್ತಾರೆ ಭಾವ. ಅಕ್ಕ ಮುಖ ಆಚೆ ತಿರುಗಿಸುತ್ತಾಳೆ.

ಕಳೆದ ತಿಂಗಳು ಹೊಸ ಯಂತ್ರ ಜೋಡಿಸಲು ತಾವೇ ಆ ಕಾರ್ಖಾನೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದಿರಿ. ದೊಡ್ಡ ಉಪಕಾರವಾಯಿತು. ಊಟಕ್ಕೆ ಕರೆಯಲು ನಾನು ಭಾವನ ಕಡೆ ಬರುತ್ತಿದ್ದೆ. ಭಾವ ‘ಹೂಂ’ ಅಂದದ್ದು ಕೇಳಿದ್ದೇ ಅವನು ಸ್ಪ್ಯಾನರ್ ಕೆಳಗಿಟ್ಟು ಓಡಿಬಂದು ಬಾಗಿಲಿನ ಇನ್ನೊಂದು ತುದಿ ಹಿಡಿದ. ತನ್ನ ಭಾಷೆಯಲ್ಲಿ ಚಿಕ್ಕದಾಗಿ ಏನೋ ಅಂದ. ಇಬ್ಬರೂ ಒಟ್ಟಿಗೆ ಎತ್ತಿದರು.

ಆಮೇಲೆ ಪರದೆ ನೋಡಿ ನಗಲು ಶುರುಮಾಡಿದ. ಅವನ ಮಾತನ್ನು ಮೊಬೈಲು ಅನುವಾದಿಸಿ ಗಂಭೀರವಾಗಿ ಹೇಳಿತು: “ನಮ್ಮಲ್ಲಿಯೂ ಇಂತಹ ಪರದೆಯಿದೆ. ಅದರಲ್ಲಿ ನೀವು ಮುಂದಿರುವಿರಿ. ನೀವು ಒಬ್ಬೊಬ್ಬರೇ ಎತ್ತಲು ಒಪ್ಪಿರುವಿರೆಂದು ನಮ್ಮಲ್ಲಿಯೂ ಒಬ್ಬರನ್ನು ತೆಗೆದರು.”

ಭಾವ ನನ್ನ ಕಡೆ ತಿರುಗಿದರು. “ಪಾಪ, ಅವ್ರ ಭುಜಾನೂ ಹೋಯ್ತಲ್ಲೋ” ಅಂದರು.

ಮಾನ್ಯರೇ, ಎರಡೂ ಕಡೆಯವರು ಹಿಂದಿದ್ದರೆ ಮುಂದಿರುವವರು ಯಾರು? ಜಗಳವಾಡಲು ನನಗೆ ತ್ರಾಣವಿಲ್ಲ, ಸಾಕಾಗಿದೆ. ಆದರೆ ಎರಡೂ ಕಡೆಯ ಕಾರ್ಮಿಕ ಸಂಘದವರು ಈಗ ನೇರವಾಗಿ ಮಾತಾಡಿಕೊಂಡಿದ್ದಾರೆ. ಇಲ್ಲಿಗೂ ಅಲ್ಲಿಗೂ ಎರಡನೇ ಆಳು ಬರಬೇಕು. ಅಲ್ಲಿಯವರೆಗೆ ಹೊಸ ಮಾದರಿಯನ್ನು ಯಾರ ಪಾಲಿಗೆ ಕೊಟ್ಟರೂ ಅದಕ್ಕೆ ಬಾಗಿಲು ಕೂರುವುದಿಲ್ಲ. ಬಾಗಿಲಿಲ್ಲದ ಕಾರು ಮಾರುವ ಉಪಾಯ ತಮಗೆ ಗೊತ್ತಿದ್ದರೆ ಸಂತೋಷ.

ಸೋಮವಾರ ಭಾವ ಎಂದಿನಂತೆ ಬಾಗಿಲಿನ ಪಕ್ಕ ನಿಂತು ‘ಹೂಂ’ ಅನ್ನುತ್ತಾರೆ. ಉತ್ತರ ಬಂದರೆ ಮಾತ್ರ ಎತ್ತುತ್ತಾರೆ.

ಇಂತಿ,
ಬಣ್ಣ ಬಳಿಯುತ್ತಾ ಕಾಯುತ್ತಿರುವ
ತಮ್ಮ ಎರಡನೇ ಆಳು