ಎಣ್ಣೆಯಲ್ಲಿ ಮರೆಯಾಗುವ ಗಾಜು

ಹರಿಹರ, ಫೆಬ್ರವರಿ ಮೂವತ್ತು, ೨೩೧೪

ನಮಗಿಂತ ಮುಂಚೆ ಬದುಕಿದವರಿಗೆ,

ತಾರೀಕು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ತಿದ್ದಿ ಬರೆಯುವಷ್ಟು ಚೈತನ್ಯ ಉಳಿದಿಲ್ಲ.

ನಾನು ಇಲ್ಲಿನ ಆಸ್ಪತ್ರೆಯ ಗಾಜುಗಾರ್ತಿ. ನೀವು ಬೋರೋಸಿಲಿಕೇಟ್ ಎನ್ನುತ್ತಿದ್ದುದನ್ನು ನಾವು ತಾಳುಗಾಜು ಎನ್ನುತ್ತೇವೆ, ಉರಿಯನ್ನು ತಾಳಿಕೊಳ್ಳುವುದರಿಂದ. ಡ್ರಿಪ್ಪಿನ ನೀರನ್ನು ನಾವು ಅದರಲ್ಲೇ ಬಟ್ಟಿ ಇಳಿಸುತ್ತೇವೆ. ಅದಕ್ಕೆ ಬೇಕಾದ ಬೋರಾನ್ ಈಗ ಸಿಗದು, ಹೊಸದನ್ನು ಮಾಡಲಾರೆವು. ಹಾಗಾಗಿ ನಿಮ್ಮ ಕಸದ ಗುಡ್ಡ ಅಗೆಯುತ್ತೇವೆ. ಪ್ರಯೋಗಾಲಯದ ಬೀಕರು, ಕಾರ್ಖಾನೆಯ ಕೊಳವೆ, ಉಪ್ಪಿನಕಾಯಿ ಬಾಟಲಿ ಎಲ್ಲವನ್ನೂ ಒಂದೇ ಗುಂಡಿಗೆ ಸುರಿದು ಹೋಗಿದ್ದೀರಿ, ಪುಣ್ಯಾತ್ಮರು. ಚೂರಾದ ಮೇಲೆ ಯಾವುದು ಯಾವುದೆಂದು ನೋಡಿ ಹೇಳುವುದು ಕಷ್ಟ.

ಅದನ್ನು ವಿಂಗಡಿಸುತ್ತಿದ್ದವಳು ಹುಸೇನ್‌ಬೀ, ನನಗೆ ಕೆಲಸ ಕಲಿಸಿದವಳು. ಒಂದೊಂದೇ ಚೂರನ್ನು ಶೇಂಗಾ ಎಣ್ಣೆಯ ಬಟ್ಟಲಿಗೆ ಅದ್ದುತ್ತಿದ್ದಳು. ಸಾಮಾನ್ಯ ಗಾಜಿನ ಅಂಚು ಎಣ್ಣೆಯೊಳಗೂ ಕಾಣುತ್ತದೆ. ತಾಳುಗಾಜು ಮಾಯವಾಗುತ್ತದೆ, ಬೆರಳಿಗೆ ಮಾತ್ರ ಸಿಗುತ್ತದೆ. "ಕಣ್ಣು ನಂಬಬ್ಯಾಡವ್ವ, ಎಣ್ಣ್ಯಾಗ ಅದ್ದು" ಎಂದು ಮೂವತ್ತು ವರ್ಷ ಹೇಳಿದಳು.

ಕಳೆದ ತಿಂಗಳು ಊರಿಗೆ ವಾಂತಿಭೇದಿ ಬಂತು. ಅವಳೂ ಮಲಗಿದಳು. ಅದೇ ದಿನ ಬಟ್ಟಿ ಇಳಿಸುವ ಗಾಜಿನ ಬುರುಡೆಯ ಕತ್ತು ಮುರಿಯಿತು. ಇದ್ದದ್ದು ಅದೊಂದೇ. ಎರಡು ದಿನದಿಂದ ಕಣ್ಣು ಮುಚ್ಚದ ನಾನು ರಾಶಿಯಿಂದ ಒಂದು ಕೊರಳಿನ ತುಂಡು ಆರಿಸಿಕೊಂಡೆ. ಅದರ ಮೇಲೆ ಅಳತೆಯ ಗೆರೆಗಳಿದ್ದವು, ಪ್ರಯೋಗಾಲಯದ್ದೇ ಎಂದುಕೊಂಡೆ. ಎಣ್ಣೆಯ ಬಟ್ಟಲು ಎರಡು ಮಾರು ದೂರದಲ್ಲಿತ್ತು. ಎದ್ದು ಹೋಗಲಿಲ್ಲ. ಉರಿಗೆ ಹಿಡಿದರೆ ತುಂಡು ಬೇಗ ಮೆತ್ತಗಾಯಿತು, ಆಗಲಾದರೂ ಅದು ಸಾಮಾನ್ಯ ಗಾಜೆಂದು ತಿಳಿಯಬೇಕಿತ್ತು. ಕೆಲಸ ಹಗುರಾಯಿತೆಂದು ಸಮಾಧಾನಪಟ್ಟೆ.

ಆರುವಾಗ ಸಾಮಾನ್ಯ ಗಾಜು ಹೆಚ್ಚು ಕುಗ್ಗುತ್ತದೆ. ಬೆಸುಗೆಯಲ್ಲಿ ಹುಟ್ಟಿದ ಬಿರುಕು ಬುರುಡೆಯ ಹೊಟ್ಟೆಯವರೆಗೂ ಓಡಿತು. ಚೂರುಗಳಿಂದ ಇನ್ನೊಂದನ್ನು ಜೋಡಿಸಲು ನಾಲ್ಕು ದಿನ ಹಿಡಿಯಿತು, ಅಲ್ಲಿಯವರೆಗೆ ಡ್ರಿಪ್ಪಿಗೆ ನೀರಿರಲಿಲ್ಲ. ಹುಸೇನ್‌ಬೀ ಮೂರನೆಯ ದಿನ ತೀರಿಕೊಂಡಳು. ಬುರುಡೆ ಏನಾಯಿತೆಂದು ಅವಳು ಕೇಳಿದ್ದಳು. ಆರುತ್ತಿದೆ ಎಂದು ಸುಳ್ಳು ಹೇಳಿದ್ದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ತಾಳುಗಾಜು ಒಡೆದರೆ ಅದನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಎದ್ದು ಹೋಗದವಳು ನಾನೇ. ಆದರೆ ಎರಡು ಮಾರು ನಡೆಯಲಾರದಷ್ಟು ದಣಿದವರು ನಿಮ್ಮ ನಂತರದ ಕಾಲದಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ.

ಇಂತು,
ನೀಲಗಂಗಾ