ಲಾಡಿ ಹಾಕಬೇಡ, ಗುಬ್ಬಿ

ನನ್ನ ಗುಬ್ಬಿಗೆ,

ನಿನ್ನ ಫೋನ್ ಬಂದು ಮೂರು ದಿನವಾಯಿತು. ನೀನು ಅಷ್ಟು ಖುಷಿಯಾಗಿ ಮಾತನಾಡುತ್ತಿದ್ದೆ, ನಾನು ಇಲ್ಲಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತಿದ್ದೆ.

“ಚಿಕ್ಕಮ್ಮಾ, ನಮ್ಮ ಶಿಶುವಿಹಾರದಲ್ಲಿ ಶನಿವಾರದಿಂದ ಹೆಣಿಗೆ ಕ್ಲಾಸ್ ಶುರು ಮಾಡ್ತಿದೀನಿ, ಮಕ್ಕಳ ಅಮ್ಮಂದಿರಿಗೆ. ಕಡ್ಡೀನೇ ಹಿಡಿದಿಲ್ಲದವರಿಗೆ ಪಾಂಚೊ. ಎರಡು ಪಟ್ಟಿ ಹೆಣೆದು, ತಲೆ ತೂರೋಕೆ ಜಾಗ ಬಿಟ್ಟು ಜೋಡಿಸಿದ್ರೆ ಮುಗೀತು. ಕೈ ಪಳಗಿದವರಿಗೆ ಭುಜ ಮುಚ್ಚೋ ಕೇಪ್‌ಲೆಟ್. ಚಿಕ್ಕವಳಿದ್ದಾಗಿನ ಫೋಟೋದಲ್ಲಿ ನಾನು ಹಾಕ್ಕೊಂಡಿದೀನಲ್ಲ, ಕೆಂಪಗೆ, ಕತ್ತಿಗೆ ಉದ್ದ ಲಾಡಿ, ತುದೀಲಿ ಗೊಂಡೆ? ಅದೇ ಬೇಕು. ಅಳತೆ ಬರೆದು ಕಳಿಸು. ಹನ್ನೆರಡು ಮಕ್ಕಳಿಗೂ ಅದನ್ನೇ ಹಾಕಿಸ್ತೀನಿ.”

ಹನ್ನೆರಡು ಮಕ್ಕಳು, ಹನ್ನೆರಡು ಪುಟ್ಟ ಕತ್ತು.

ಆಮೇಲೆ ಎರಡು ಸಲ ನಾನೇ ಫೋನ್ ಮಾಡಿದೆ. ನಿನ್ನ ‘ಹಲೋ’ ಕೇಳಿದ ಕೂಡಲೇ ಇಟ್ಟುಬಿಟ್ಟೆ. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡಿರುತ್ತೀಯ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಲಿಫ್ಟಿನ ವಿಷಯ ನಿನಗೆ ಗೊತ್ತು. ಐದು ವರ್ಷದವಳಿದ್ದಾಗ ಚಿಕ್ಕಮ್ಮನ ಕೈ ಬಿಡಿಸಿಕೊಂಡು ಓಡಿದೆ, ಬಟ್ಟೆಯ ಅಂಚು ಬಾಗಿಲಿಗೆ ಸಿಕ್ಕಿತು, ಸ್ವಲ್ಪ ಹೆದರಿದೆ. ಇಷ್ಟೇ ತಾನೇ ನಿನಗೆ ಗೊತ್ತಿರುವುದು? ಅದಷ್ಟೂ ನಾನು ಕಟ್ಟಿ ಹೇಳಿದ್ದು. ಅಂದು ನಿನ್ನ ಮೈಮೇಲಿದ್ದದ್ದು ಫೋಟೋದಲ್ಲಿರುವ ಆ ಕೆಂಪು ಕೇಪ್‌ಲೆಟ್ಟೇ.

ಆ ಕೇಪ್‌ಲೆಟ್ಟನ್ನು ನಾನು ಒಂದು ತಿಂಗಳು ಕೂತು ಹೆಣೆದಿದ್ದೆ. ನಿನ್ನ ಅಮ್ಮ ನೋಡಿದ ದಿನವೇ ಹೇಳಿದ್ದಳು: “ಕತ್ತಿಗೆ ಲಾಡಿ ಬೇಡ ಕಣೇ. ಒಂದು ಗುಂಡಿ ಹಾಕು ಸಾಕು. ಇವಳು ಒಂದು ಕಡೆ ನಿಲ್ಲೋಳಲ್ಲ, ಎಲ್ಲಾದ್ರೂ ಸಿಕ್ಕಿಸ್ಕೊಳ್ತಾಳೆ.” ನಾನು ನಕ್ಕುಬಿಟ್ಟೆ. “ಗುಂಡಿ ಹಾಕಿದ್ರೆ ಅಂಗಡೀಲಿ ತಂದ ಹಾಗೆ ಕಾಣುತ್ತೆ ಅಕ್ಕಾ” ಅಂದೆ. ನನ್ನ ಕೈಚಳಕ ನಾಲ್ಕು ಜನರ ಕಣ್ಣಿಗೆ ಬೀಳಬೇಕಿತ್ತು, ಅಷ್ಟೇ.

ಆ ಬೆಳಿಗ್ಗೆ ನಿಮ್ಮ ನಾಲ್ಕನೇ ಮಹಡಿಯಿಂದ ಕೆಳಗೆ ಹೊರಟಿದ್ದೆವು. ಲಿಫ್ಟಿನೊಳಗೆ, ಮೇಲಿನ ಮನೆಗೆ ಬಂದು ಹೋಗುತ್ತಿದ್ದ ಒಬ್ಬ ಹೆಂಗಸು. “ಅಯ್ಯೋ, ಎಷ್ಟು ಮುದ್ದಾಗಿದೆ! ಎಲ್ಲಿ ತಗೊಂಡ್ರಿ?” ಎಂದರು. ನಾನು ಉಬ್ಬಿಹೋದೆ. ನಿನ್ನ ಕೈ ಬಿಟ್ಟು, ಗೊಂಡೆಯನ್ನು ಎತ್ತಿ ಹಿಡಿದು, ಅದನ್ನು ಹೇಗೆ ಕಟ್ಟಿದೆ ಎಂದು ವಿವರಿಸತೊಡಗಿದೆ. ಮಾತಿನ ಭರದಲ್ಲೇ ಲಿಫ್ಟಿನ ಗುಂಡಿ ಒತ್ತಿದೆ. ನಿನ್ನ ಬಿಸ್ಕತ್ತು ಹೊರಗೆ ಬಿದ್ದಿತ್ತಂತೆ. ಅದನ್ನು ಎತ್ತಿಕೊಳ್ಳಲು ನೀನು ಹೊರಗೆ ಕಾಲಿಟ್ಟಿದ್ದೆ.

ಬಾಗಿಲು ಮುಚ್ಚಿತು. ನೀನು ಹೊರಗೆ, ನಾನು ಒಳಗೆ, ನನ್ನ ಕೈಯಲ್ಲಿ ಗೊಂಡೆ. ಲಿಫ್ಟ್ ಕೆಳಕ್ಕೆ ಹೊರಟಿತು.

ಲಾಡಿ ನನ್ನ ಬೆರಳನ್ನು ಸವರಿಕೊಂಡು ಹೋಗಿ ಸಂದಿನಲ್ಲಿ ಬಿಗಿದು ನಿಂತಿತು. ಆ ಹೆಂಗಸು ಕಿರುಚುತ್ತ ಎಲ್ಲ ಗುಂಡಿಗಳನ್ನೂ ಒತ್ತುತ್ತಿದ್ದರು. ನಾನು ಬಾಗಿಲನ್ನು ಉಗುರಿನಿಂದ ಕೆರೆಯುತ್ತಿದ್ದೆ. ಆಗ ಇದ್ದಕ್ಕಿದ್ದಂತೆ ಲಾಡಿ ಸಡಿಲವಾಯಿತು. ಯಾಕೆ ಸಡಿಲವಾಯಿತು ಎಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಮೆಟ್ಟಿಲು ಹತ್ತಿ ಓಡಿದೆ. ಇಪ್ಪತ್ತೆರಡು ಮೆಟ್ಟಿಲು, ಗುಬ್ಬಿ. ಮಗು ಅಳಬೇಕಿತ್ತು, ಅಳುವ ಸದ್ದೇ ಇಲ್ಲ. ‘ಅಳು, ಅಳೇ, ಒಂದು ಸಲ ಅಳೇ’ ಎಂದು ಬೇಡಿಕೊಳ್ಳುತ್ತ ಹತ್ತಿದೆ.

ಮೆಟ್ಟಿಲಿನ ಕಂಬಿಗೆ ಬಣ್ಣ ಬಳಿಯಲು ಬಂದಿದ್ದ ಪೇಂಟರ್ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನೆಲದಲ್ಲಿ ಕುಳಿತಿದ್ದ. ಹಳೇ ಬಣ್ಣ ಕೆರೆಯುವ ಬ್ಲೇಡು ಪಕ್ಕದಲ್ಲಿ ಬಿದ್ದಿತ್ತು. ಅದರಲ್ಲೇ ಲಾಡಿ ಕತ್ತರಿಸಿದ್ದ. “ಉಸಿರಾಡ್ತಿದಾಳೆ ಅಮ್ಮಾ. ನೀವು ಕೂಗ್ಬೇಡಿ, ಮಗು ಹೆದರುತ್ತೆ” ಎಂದ.

ಪಕ್ಕದ ರಸ್ತೆಯ ಡಾಕ್ಟರು ಕತ್ತು ನೋಡಿ, ಏನೂ ಆಗಿಲ್ಲ, ಎರಡು ದಿನ ಕೆಂಪಗಿರುತ್ತದೆ ಎಂದರು. ದಾರಿಯಲ್ಲೇ ಕೇಪ್‌ಲೆಟ್ಟನ್ನು ಕಸದ ತೊಟ್ಟಿಗೆ ಎಸೆದೆ. ಸಂಜೆ ಅಕ್ಕ ಕೆಲಸದಿಂದ ಬಂದಾಗ ನನ್ನ ನಾಲಿಗೆ ತಾನಾಗಿಯೇ ಹೊರಳಿತು: “ನಾನು ಕೈ ಹಿಡ್ಕೊಂಡೇ ಇದ್ದೆ. ಅವಳೇ ಬಿಡಿಸ್ಕೊಂಡು ಓಡಿದ್ಲು. ಅಂಚು ಸಿಕ್ಕಿ ಹರಿದುಹೋಯ್ತು. ಕತ್ತಿಗೆ ಉಲ್ಲನ್ ಉಜ್ಜಿ ಕೆಂಪಾಗಿದೆ, ಅಷ್ಟೇ.”

ಅಕ್ಕ ನಿನಗೆ ಬೈದಳು. ನೀನು ಮೂಗು ಒರೆಸಿಕೊಳ್ಳುತ್ತ ನನ್ನ ಬಳಿ ಬಂದೆ. “ಸಾರಿ ಚಿಕ್ಕಮ್ಮಾ. ಇನ್ಮೇಲೆ ಕೈ ಬಿಡಲ್ಲ” ಎಂದೆ. ಹೇಳಿದಂತೆಯೇ ಹತ್ತು ವರ್ಷ ತುಂಬುವವರೆಗೆ ನನ್ನ ಜೊತೆ ಎಲ್ಲಿ ಹೋದರೂ ಕೈ ಬಿಡಲಿಲ್ಲ. ಅಂಗೈ ಬೆವರಿದರೂ ಬಿಡಲಿಲ್ಲ. ಲಿಫ್ಟಿಗಿಂತ ಹೆಚ್ಚಾಗಿ ನಾನು ಹೆದರಿದ್ದು ನಿನ್ನ ಆ ಪುಟ್ಟ ಕೈಗೆ.

ಆಮೇಲೆ ನಾನು ಕಡ್ಡಿ ಮುಟ್ಟಿಲ್ಲ. ಹೆಣಿಗೆ ಕಲಿಸು ಎಂದು ನೀನು ಕೇಳಿದಾಗ ಕಣ್ಣು ಮಂಜು ಅಂದದ್ದೂ ಸುಳ್ಳೇ. ನೀನು ವೀಡಿಯೊ ನೋಡಿ ಕಲಿಯಬೇಕಾಯಿತು. ಈಗಲೂ ರಸ್ತೆಯಲ್ಲಿ ಯಾರದೋ ಮಗುವಿನ ಕತ್ತಿನಲ್ಲಿ ಲಾಡಿ ನೇತಾಡುತ್ತಿದ್ದರೆ ಕಾಲು ಅದರ ಹಿಂದೆಯೇ ಹೋಗುತ್ತದೆ. ಒಮ್ಮೆ ಒಬ್ಬಾಕೆ ತಿರುಗಿ ನಿಂತು, “ಏನ್ರೀ, ಆಗಿನಿಂದ ನೋಡ್ತಿದೀನಿ, ಮಕ್ಕಳ ಕಳ್ಳಿನಾ ನೀವು?” ಎಂದು ಗದರಿದ್ದರು.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಮಧ್ಯಾಹ್ನ ಅಕ್ಕನಿಗೆ ಕೊಟ್ಟೆ. ನಿಂತೇ ಓದಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಮತ್ತೆ ಮೊದಲಿನಿಂದ ಓದಿದಳು. “ಹದಿನಾಲ್ಕು ವರ್ಷ” ಎಂದಳು. “ಮಾಡದ ತಪ್ಪಿಗೆ ಆ ಮಗೂನ ಎಷ್ಟು ಸಲ ಆಡ್ಕೊಂಡಿದೀನಿ.” ಚಪ್ಪಲಿ ಮೆಟ್ಟಿಕೊಂಡು ಹೊರಡುವಾಗ ನನ್ನ ಮುಖ ನೋಡದೆ ಹೇಳಿದಳು: “ಮುಗಿಸಿಡು. ಬೆಳಿಗ್ಗೆ ಬಂದು ತಗೊಂಡ್ಹೋಗಿ ನಾನೇ ಕೊಡ್ತೀನಿ. ನೀನು ಬರ್ಬೇಡ.”

ಅಳತೆಯೆಲ್ಲ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಕತ್ತಿನ ಬಳಿ ಒಂದೇ ಗುಂಡಿ, ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಪಾಂಚೊದ ಅಂಚಿಗೂ ಉದ್ದನೆಯ ಎಳೆ ಇಳಿಬಿಡಬೇಡ. ಯಾರಾದರೂ ಅಮ್ಮ ಚಂದಕ್ಕೆಂದು ಹಟ ಮಾಡಿದರೆ ಈ ಪತ್ರವನ್ನೇ ಓದಿ ಹೇಳು. ನನ್ನ ಮರ್ಯಾದೆಯ ಬಗ್ಗೆ ಯೋಚಿಸಬೇಡ.

ನೀನು ಓಡಿರಲಿಲ್ಲ, ಗುಬ್ಬಿ. ನಾನು ಹಿಡಿದಿರಲಿಲ್ಲ.

ಇದನ್ನು ಓದಿದ ಮೇಲೆ ನಿನ್ನ ದನಿ ಹೇಗಿರುತ್ತದೋ ಗೊತ್ತಿಲ್ಲ. ಮಾತನಾಡದಿದ್ದರೂ ಸರಿ. ಆದರೆ ಶನಿವಾರಕ್ಕೆ ಮೊದಲು ಒಂದು ಸಾಲು ಕಳಿಸು, ಲಾಡಿ ಹಾಕಿಸುವುದಿಲ್ಲ ಎಂದು. ಅಲ್ಲಿಯವರೆಗೆ ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂತಿರುತ್ತೇನೆ.

ನಿನ್ನ ಕೈಯಿಂದ ಬೆಚ್ಚಗಾಗುವ ಮಕ್ಕಳೆಲ್ಲ ನೂರು ಕಾಲ ಬಾಳಲಿ, ನೀನೂ ಬಾಳು.

ಕ್ಷಮಿಸು ಎಂದು ಕೇಳಲೂ ಹೆದರುವ,
ನಿನ್ನ ಚಿಕ್ಕಮ್ಮ