ಓಬಮ್ಮನವರ ಹತ್ತೊಂಬತ್ತು ಫೈಲುಗಳು

ಚಿತ್ರದುರ್ಗ
ಇಸವಿ 2187, ಫೆಬ್ರವರಿ 30

ಪಾಲಯ್ಯ ಅಜ್ಜನವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಟಿಪ್ಪಣಿಗಳಿಂದ. ನಾನು ಹೊನ್ನೂರಮ್ಮ. ನೀವು ನನ್ನ ಅಜ್ಜಿಗೆ ಮುತ್ತಜ್ಜ. ಹಿಂದಿನವರಿಗೆ ಕಾಗದ ಒಯ್ಯುವ ಟಪಾಲಿಗೆ ನಾವು ಮರುಟಪಾಲು ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ, ಅದೂ ನಿಮ್ಮ ಆಯುಸ್ಸಿನ ಯಾವ ದಿನ ತಲುಪುತ್ತದೋ ಯಾರೂ ಹೇಳಲಾರರು. ಆ ಒಂದನ್ನು ನಾನು ನಿಮ್ಮನ್ನು ಬೈಯುವುದಕ್ಕೆ ಬಳಸುತ್ತಿದ್ದೇನೆ.

ನಮ್ಮಲ್ಲಿ ಯಂತ್ರಗಳು ಯಾರ ದನಿಯನ್ನು ಬೇಕಾದರೂ ಮಾಡಿಕೊಡುತ್ತವೆ. ಸತ್ತವರು ಬೀದಿ ಬೀದಿಯಲ್ಲಿ ಸೋಪು ಮಾರುತ್ತಾರೆ. ಅದಕ್ಕೇ ಮೂವತ್ತು ವರ್ಷದಿಂದ ದನಿತೊಟ್ಟಿಲು ಎಂಬ ಪದ್ಧತಿ ಬಂದಿದೆ: ಹೆಸರಿಡುವ ದಿನ ಮಗುವಿಗೆ ಮೊದಲು ಮನೆಯ ಹಿರಿಯರೊಬ್ಬರ ನಿಜವಾದ ದನಿ ಕೇಳಿಸಬೇಕು, ಆಮೇಲೇ ಹೆಸರು. ಆ ದನಿ ಯಂತ್ರಗಳು ದನಿ ಕಲಿಯುವ ಮೊದಲೇ ಹಿಡಿದಿಟ್ಟ ಹಳೆಯ ಪೆಟ್ಟಿಗೆಯದೇ ಆಗಿರಬೇಕು. ಅಂಥ ಪೆಟ್ಟಿಗೆ ಇರುವ ಮನೆಗಳು ಊರಿಗೆ ನಾಲ್ಕೋ ಐದೋ. ನಮ್ಮದು ಅದರಲ್ಲೊಂದು ಎಂದು ನಾವು ಬಹಳ ಜಂಬ ಪಟ್ಟಿದ್ದೇವೆ. ಸಿನಿಮಾ ಕೂಡಿಡಲು ನೀವು ಮನೆಯಲ್ಲಿ ಕೂರಿಸಿದ ಮೀಡಿಯಾ ಸರ್ವರ್ ಪೆಟ್ಟಿಗೆ ಇವತ್ತಿಗೂ ನಮ್ಮ ನಡುಮನೆಯ ಗೂಡಿನಲ್ಲಿದೆ. "ಇದ್ರಾಗೆ ನಮ್ಮಮ್ಮ ಅವ್ಳೆ, ಜೋಪಾನ" ಎಂದು ನೀವು ಮಗಳಿಗೆ ಹೇಳಿಹೋದ ಮಾತು ನಮಗೆಲ್ಲ ಬಾಯಿಪಾಠ. ಅಮ್ಮ ಎಂದರೆ ಓಬಮ್ಮ, ರವಿಕೆ ಹೊಲಿಯುತ್ತಿದ್ದ ಟೈಲರ್ ಓಬಮ್ಮ. ಮಷಿನ್ ತುಳಿಯುತ್ತ ಅವರು ಆಡಿದ ಮಾತುಗಳನ್ನು ನೀವು ಮೊಬೈಲಿನಲ್ಲಿ ಹಿಡಿದು ಹತ್ತೊಂಬತ್ತು ಫೈಲು ಮಾಡಿ ಅದರಲ್ಲಿ ಇಟ್ಟಿರಿ. ಪ್ರತಿ ಯುಗಾದಿಗೆ ಪೆಟ್ಟಿಗೆಗೆ ಕರೆಂಟು ಕೊಟ್ಟು, 'ಅಮ್ಮನ ದನಿ 1'ರಿಂದ 'ಅಮ್ಮನ ದನಿ 19'ರವರೆಗೆ ಹೆಸರುಗಳನ್ನು ಓದಿ, ಕೈಮುಗಿದು ಕರೆಂಟು ತೆಗೆಯುತ್ತೇವೆ. ಹಳೇ ಡಿಸ್ಕು, ಹಾಕಿದರೆ ಸವೆದೀತು ಎಂದು ಒಬ್ಬರೂ ಹಾಕಿ ಕೇಳಿರಲಿಲ್ಲ. ದಡ್ಡತನದಲ್ಲಿ ನಾವೂ ಕಡಿಮೆಯಿಲ್ಲ.

ಹೋದ ತಿಂಗಳು ಮೊಮ್ಮಗಳ ದನಿತೊಟ್ಟಿಲು. ಈ ಪದ್ಧತಿ ಬಂದ ಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಕೂಸು. ನೂರು ಜನ ನೆಂಟರು ತೊಟ್ಟಿಲ ಸುತ್ತ ಕೂತಿದ್ದರು. ಹತ್ತೊಂಬತ್ತನೆಯ ಫೈಲು ಹಾಕಿದೆ. ಯಾವುದೋ ಸಿನಿಮಾದ ಹೊಡೆದಾಟ ಶುರುವಾಯಿತು. ಮಗು ಬೆಚ್ಚಿ ಅತ್ತಿತು. ಹದಿನೆಂಟು ಹಾಕಿದೆ, ಅದೂ ಸಿನಿಮಾ. ಹತ್ತೊಂಬತ್ತೂ ಸಿನಿಮಾ. ಬೀಗರ ಮುಂದೆ ನನ್ನ ತಲೆ ನೆಲ ನೋಡಿತು.

ಆಮೇಲೆ ಅದೇ ಪೆಟ್ಟಿಗೆಯಲ್ಲಿದ್ದ ನಿಮ್ಮ ಟಿಪ್ಪಣಿ ಓದಿದೆ. ಡೌನ್‌ಲೋಡ್‌ಗೆ ಮೂರು ಸಾಫ್ಟ್‌ವೇರ್ ಪರೀಕ್ಷೆ ಮಾಡಿದ್ದೀರಿ. ಒಂದಕ್ಕೆ "ನಿಧಾನ" ಎಂದಿರಿ. ಇನ್ನೊಂದು ಏನನ್ನಾದರೂ ಅಳಿಸುವ ಮೊದಲು ನಿಮ್ಮನ್ನು ಕೇಳುತ್ತಿತ್ತು. ಅದಕ್ಕೆ "ಪ್ರಶ್ನೆ ಜಾಸ್ತಿ, ಬೇಡ" ಎಂದು ಬರೆದಿರಿ. ಮೂರನೆಯದು ಸಿನಿಮಾ ತಾನೇ ತಂದು, ತಾನೇ ಹೆಸರಿಟ್ಟು, ಜಾಗ ಸಾಲದಿದ್ದರೆ ಸಿನಿಮಾ ಪಟ್ಟಿಯಲ್ಲಿ ಇಲ್ಲದ್ದನ್ನು ಕಸವೆಂದು ಗುಡಿಸುತ್ತಿತ್ತು. "ಕೇಳದೆ ಅಳಿಸಲಿ" ಎಂಬುದಕ್ಕೆ ಗುರುತು ಹಾಕಿ ಅದನ್ನೇ ಆರಿಸಿದಿರಿ. ಓಬಮ್ಮ ಯಾವ ಸಿನಿಮಾ ಪಟ್ಟಿಯಲ್ಲಿದ್ದರು, ಅಜ್ಜ?

ಇಷ್ಟೇ ಆಗಿದ್ದರೆ ಕೈತಪ್ಪು ಎಂದು ಸುಮ್ಮನಾಗುತ್ತಿದ್ದೆ. ಆದರೆ ಆ ಸಾಫ್ಟ್‌ವೇರ್ ನಡೆದದ್ದನ್ನೆಲ್ಲ ತಾರೀಖು ಸಮೇತ ಬರೆದಿಟ್ಟಿದೆ. ಫೈಲು ಹೋದ ಮರುದಿನವೇ ನಿಮಗೆ ಗೊತ್ತಾಗಿದೆ. ಎರಡು ದಿನ ಹುಡುಕಿದ್ದೀರಿ. ಮೂರನೆಯ ದಿನ ಹತ್ತೊಂಬತ್ತು ಸಿನಿಮಾಗಳಿಗೆ ಒಂದೊಂದಾಗಿ 'ಅಮ್ಮನ ದನಿ' ಎಂದು ಹೆಸರು ಬದಲಿಸಿ ತಿಪ್ಪೆ ಸಾರಿಸಿದ್ದೀರಿ. ಐದು ತಲೆಮಾರು ನಾವು ಕೈಮುಗಿದದ್ದು ಅದಕ್ಕೆ. ನಂಬಿಸಿ ಕುತ್ತಿಗೆ ಕೊಯ್ದಿರಿ.

ಇನ್ನೂ ಒಂದಿದೆ. ಮನೆಯ ಹಳೆ ಕಾಗದಗಳಲ್ಲಿ ಓಬಮ್ಮ ತೀರಿಕೊಂಡ ತಾರೀಖು ಹುಡುಕಿದೆ. ನೀವು ಹೆಸರು ಬದಲಿಸಿದ ಮೇಲೂ ಅವರು ಎರಡು ವರ್ಷ ಬದುಕಿದ್ದರು. ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಮಷಿನ್ ಮುಂದೆ. "ಕಳೆದುಹೋಯ್ತು ಕಣಮ್ಮ, ಇನ್ನೊಂದ್ಸಲ ಹೇಳು" ಎಂದು ನೀವು ಕೇಳಿದ್ದರೆ ಸಾಕಿತ್ತು. ಬೈಯುತ್ತಿದ್ದರೇನೋ. ಆ ಬೈಗುಳವನ್ನೇ ನಾವು ಮಗುವಿಗೆ ಕೇಳಿಸುತ್ತಿದ್ದೆವು.

ಈ ಕಾಗದ ಆಯ್ಕೆಗೆ ಮೊದಲೇ ತಲುಪಿದರೆ, ಪ್ರಶ್ನೆ ಕೇಳುವ ಸಾಫ್ಟ್‌ವೇರನ್ನೇ ಆರಿಸಿ. ಆಮೇಲೆ ತಲುಪಿದರೆ, ಇದನ್ನು ಮಡಚಿಟ್ಟು ಪಕ್ಕದ ಕೋಣೆಗೆ ಹೋಗಿ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಬೇರೆ ಮನೆಯ ದನಿ ತರೋಣ ಎಂದು ಬೀಗರು ಹೇಳಿದರು, ನಾನು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹತ್ತೊಂಬತ್ತನೆಯ ಫೈಲು ಹಾಕುತ್ತೇನೆ. ಇವತ್ತೂ ಹೊಡೆದಾಟವೇ ಬಂತು. ಈ ಕಾಗದ ಕಳಿಸಿ, ನಾಳೆ ಮತ್ತೆ ಹಾಕುತ್ತೇನೆ.

ನಿಮ್ಮ ಮೇಲೆ ಸಿಟ್ಟಿರುವ,
ಹೊನ್ನೂರಮ್ಮ